ವೇರಾ ಮೆಂಚಿಕ್ ಅವರ ಆಟದ ರೀತಿ

ಪ್ರತಿಯೊಂದು ಸಂಚಿಕೆಯಲ್ಲಿಯೂ ಮುಖ್ಯೋಪಾಧ್ಯಾಯಿನಿಯ ಪಾಲಿಗೆಂದು ಮೀಸಲಾಗುವ ಪುಟಗಳಲ್ಲಿ ಪರೀಕ್ಷೆಯ ಫಲಿತಾಂಶ, ಹಾಜರಿ, ಕಟ್ಟಡದ ದುರಸ್ತಿ ಇವೇ ಮೊದಲಾದ ಸಂಗತಿಗಳನ್ನು ಬರೆಯುವುದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಅವನ್ನೇ ಮತ್ತೆ ಇಲ್ಲಿ ಬರೆದು ವಾಚಕರಿಗೆ ಬೇಸರವನ್ನುಂಟುಮಾಡಲು ನಮಗೆ ಇಷ್ಟವಿಲ್ಲ. ಈ ಸಲ ಚದುರಂಗದಾಟವನ್ನು ಕುರಿತು, ಅದರಲ್ಲಿಯೂ ಒಬ್ಬ ಆಟಗಾರ್ತಿಯ ಆಟದ ರೀತಿಯನ್ನು ಕುರಿತು, ನಾಲ್ಕು ಮಾತುಗಳನ್ನು ಬರೆಯಬೇಕೆಂದು ಮನಸ್ಸಾಗಿದೆ.

ಹುಡುಗಿಯರ ಶಾಲೆಯ ಸಂಚಿಕೆಗೂ ಚದುರಂಗಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಚದುರಂಗವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ನಡೆಸುವ ಬಂಧಗಳನ್ನು ರಚಿಸುವುದರಲ್ಲಿ ಹೆಸರಾದವರು. ಆದರೆ ಬಹುಕಾಲದವರೆಗೆ ಇದು ಜಗಲಿಯ ಮೇಲೆ ಕುಳಿತ ಗಂಡಸರ ಆಟವಾಗಿತ್ತು. ಒಳಮನೆಯವರಿಗೆ ಪಗಡೆಯೂ ಚೌಕಾಬಾರವೂ ಅಳಗುಳಿಮಣೆಯೂ ಸಾಕೆಂದು ಎಣಿಸಿದ್ದರು. ನಾವು ಇದೇ ಶಾಲೆಯಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿನಿಲಯದಲ್ಲಿದ್ದ ಒಂದೇ ಒಂದು ಚದುರಂಗದ ಪೆಟ್ಟಿಗೆಯಲ್ಲಿ ಕಪ್ಪು ಆನೆಯೊಂದು ಕಳೆದುಹೋಗಿ, ಅದರ ಸ್ಥಾನದಲ್ಲಿ ಕೋಟಿನ ಗುಂಡಿಯೊಂದು ಬಹಳ ವರ್ಷ ಸೇವೆಮಾಡಿತು. ನಾಲ್ಕೈದು ಹುಡುಗಿಯರ ಹೊರತು ಯಾರೂ ಆ ಪೆಟ್ಟಿಗೆಯನ್ನು ಮುಟ್ಟುತ್ತಿರಲಿಲ್ಲ.

ಈಗಿನ ಸ್ಥಿತಿ ಬೇರೆಯಾಗಿದೆ. ಹುಡುಗಿಯರ ಕೈಯಲ್ಲಿ ಮೊಬೈಲ್ ಬಂದಿದೆ. ಅಂತರಜಾಲದಲ್ಲಿ ಹಗಲಿರುಳೆನ್ನದೆ ಚದುರಂಗ ನಡೆಯುತ್ತಿದೆ. ನಮ್ಮ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ರಾತ್ರಿ ಊಟವಾದ ಮೇಲೆ ಬ್ರೆಜಿಲ್ ದೇಶದವನೊಬ್ಬನೊಡನೆ ಮೂರು ನಿಮಿಷದ ಆಟವಾಡಿ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅದನ್ನು ಗೆಳತಿಯರಿಗೆ ವರ್ಣಿಸುತ್ತಾಳೆ. ಪೋಷಕರಿಂದ ಇದರ ವಿಷಯವಾಗಿ ದೂರುಗಳೂ ಬರುತ್ತಿವೆ. "ಪುಸ್ತಕ ಹಿಡಿಯುವ ಹೊತ್ತಿನಲ್ಲಿ ಕುದುರೆ ಒಂಟೆ ಹಿಡಿದುಕೊಂಡು ಕೂರುತ್ತಾಳೆ" ಎಂದು ತಾಯಿಯೊಬ್ಬರು ನಮ್ಮೊಡನೆ ಹೇಳಿಕೊಂಡರು. ದೂರಿನಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು.

ಈ ಜಾಲತಾಣಗಳಲ್ಲಿ ಒಂದು ವಿಶೇಷವುಂಟು. ಆಡಿದವರ ಆಟಗಳನ್ನೆಲ್ಲ ಯಂತ್ರವೇ ಕೂಡಿಟ್ಟು, ಇವರು ಯಾವ ಪ್ರಾರಂಭದ ನಡೆಗಳನ್ನು ಎಷ್ಟು ಬಾರಿ ಆಡಿದರು, ಬಿಳಿ ಕಾಯಿಗಳಲ್ಲಿ ಎಷ್ಟು ಗೆದ್ದರು, ಕರಿ ಕಾಯಿಗಳಲ್ಲಿ ಎಷ್ಟು ಸೋತರು ಎಂದು ಲೆಕ್ಕ ಒಪ್ಪಿಸುತ್ತದೆ. ಒಂದು ದಿನ ಇಬ್ಬರು ಹುಡುಗಿಯರು ತಮ್ಮ ತಮ್ಮ ಲೆಕ್ಕವನ್ನು ನಮಗೆ ತೋರಿಸಿ, "ಟೀಚರ್, ಇದರಿಂದ ನಮ್ಮ ಆಟದ ರೀತಿ ಯಾವುದೆಂದು ಹೇಳಬಹುದೆ?" ಎಂದು ಕೇಳಿದರು. ಪ್ರಶ್ನೆಯು ಚೆನ್ನಾಗಿತ್ತು. ಆಟದ ರೀತಿ ಎಂಬುದು ಎಲ್ಲಿಂದ ಹುಟ್ಟುತ್ತದೆ? ಅದು ಸ್ವಭಾವದಿಂದ ಬರುವುದೆ, ಗುರುವಿನಿಂದ ಬರುವುದೆ, ಪಟ್ಟ ಕಷ್ಟದಿಂದ ಬರುವುದೆ? ಇದಕ್ಕೆ ಉತ್ತರವಾಗಿ ನಾವು ಅವರಿಗೆ ವೇರಾ ಮೆಂಚಿಕ್ ಎಂಬಾಕೆಯ ವೃತ್ತಾಂತವನ್ನು ಕೆಲವು ಸಂಜೆಗಳಲ್ಲಿ ಹೇಳಿದೆವು. ಅದನ್ನೇ ಇಲ್ಲಿ ಸಂಗ್ರಹಿಸಿ ಬರೆಯುತ್ತೇವೆ.

ವೇರಾ ಅವರು ಹುಟ್ಟಿದುದು ೧೯೦೬ನೆಯ ಇಸವಿ ಫೆಬ್ರವರಿ ೧೬ರಂದು, ಮಾಸ್ಕೋ ನಗರದಲ್ಲಿ. ತಂದೆ ಬೊಹಿಮಿಯಾ ದೇಶದ ಚೆಕ್ ಜನಾಂಗದವರು. ಜಮೀನುಗಳ ಮೇಲ್ವಿಚಾರಣೆ ಅವರ ಉದ್ಯೋಗ. ತಾಯಿ ಇಂಗ್ಲಿಷಿನವರು, ಮಕ್ಕಳಿಗೆ ಪಾಠ ಹೇಳುವ ಗೃಹೋಪಾಧ್ಯಾಯಿನಿಯಾಗಿ ಕೆಲಸಮಾಡಿದವರು. ಒಲ್ಗಾ ಎಂಬ ತಂಗಿಯೊಬ್ಬಳಿದ್ದಳು. ವೇರಾಳಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆಯು ಒಂದು ಚದುರಂಗದ ಪೆಟ್ಟಿಗೆಯನ್ನು ಕೊಟ್ಟು ಆಟವನ್ನು ಕಲಿಸಿದನು. ಅನಂತರ ಎರಡು ವರ್ಷಗಳಲ್ಲಿ, ಎಂದರೆ ೧೯೧೭ರಲ್ಲಿ, ರಷ್ಯಾ ದೇಶದಲ್ಲಿ ಕ್ರಾಂತಿಯಾಯಿತು. ತಂದೆಯ ಕೈಯಲ್ಲಿದ್ದ ಗಿರಣಿ ಹೋಯಿತು, ಸಂಸಾರದ ಸ್ಥಿತಿಗತಿ ಕೆಟ್ಟಿತು. ೧೯೨೧ರಲ್ಲಿ ತಂದೆಯು ತನ್ನ ನಾಡಿಗೆ ಹಿಂದಿರುಗಿದನು; ತಾಯಿಯು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಎಂಬ ಊರಿಗೆ, ತನ್ನ ತಾಯಿಯ ಮನೆಗೆ, ಬಂದು ಸೇರಿದಳು.

ಹದಿನೈದು ವರ್ಷದ ಹುಡುಗಿ, ಆಡುವ ಭಾಷೆ ರಷ್ಯನ್, ಸುತ್ತಲೂ ಇಂಗ್ಲಿಷ್. ಪರಸ್ಥಳದಿಂದ ಬಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ಇಳಿದ ಮೊದಲ ತಿಂಗಳು ಬಾಯಿಯೇ ಬಿಡದಿದ್ದ ಮಕ್ಕಳನ್ನು ಕಂಡಿರುವ ನಮಗೆ ಆಕೆಯ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ. ಚದುರಂಗವು ಮಾತಿಲ್ಲದ ಆಟವಾದುದರಿಂದ ಭಾಷೆ ಬಾರದವಳಿಗೆ ಅದು ಹೇಳಿ ಮಾಡಿಸಿದಂತಿತ್ತೆಂದು ಆಕೆಯೇ ಮುಂದೆ ಹೇಳಿಕೊಂಡದ್ದುಂಟು. ೧೯೨೩ರಲ್ಲಿ ಆಕೆ ಹೇಸ್ಟಿಂಗ್ಸಿನ ಚದುರಂಗ ಸಂಘವನ್ನು ಸೇರಿದಳು.

ಆ ಊರಿನಲ್ಲಿ ಆಗ ಗೇಜಾ ಮರೋಚಿ ಎಂಬ ಹಂಗೆರಿಯ ಮಹಾ ಆಟಗಾರರು ಪಾಠ ಹೇಳುತ್ತಿದ್ದುದು ಹುಡುಗಿಯ ಭಾಗ್ಯ. ಮರೋಚಿಯವರು ಆತುರವನ್ನರಿಯದವರು. ಎದುರಾಳಿಯ ಕಾಯಿಗಳಿಗೆ ಉಸಿರಾಡಲು ಎಡೆಯಿಲ್ಲದಂತೆ ಕಾಲಾಳುಗಳ ಕಟ್ಟು ಹಾಕುವುದರಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. ಕಾಯಿಗಳು ಕಡಮೆಯಾದ ಮೇಲಣ ಅಂತ್ಯದ ಆಟದಲ್ಲಿಯೂ, ಕೆಟ್ಟ ಸ್ಥಿತಿಯನ್ನು ಕಾಪಾಡಿಕೊಳ್ಳುವುದರಲ್ಲಿಯೂ ಅವರು ನಿಪುಣರು. ಶಿಷ್ಯೆಗೆ ಗುರುವಿನ ಗುಣವೇ ಬಂದಿತು. ೧೯೨೬ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿ ಏರ್ಪಟ್ಟ ಬಾಲಿಕೆಯರ ಸ್ಪರ್ಧೆಯನ್ನು ವೇರಾ ಗೆದ್ದರು. ೧೯೨೭ರಲ್ಲಿ ಲಂಡನ್ನಿನಲ್ಲಿ ಪ್ರಥಮ ಮಹಿಳಾ ವಿಶ್ವ ಚಾಂಪಿಯನ್ ಸ್ಪರ್ಧೆ ನಡೆದಾಗ ಹನ್ನೊಂದು ಆಟಗಳಲ್ಲಿ ಹತ್ತನ್ನು ಗೆದ್ದು ಒಂದನ್ನು ಸಮಮಾಡಿಕೊಂಡರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಅಲ್ಲಿಂದ ಮುಂದೆ ೧೯೩೦ರಲ್ಲಿ ಹ್ಯಾಂಬರ್ಗ್, ೧೯೩೧ರಲ್ಲಿ ಪ್ರಾಗ್, ೧೯೩೩ರಲ್ಲಿ ಫೋಕ್‌ಸ್ಟನ್, ೧೯೩೫ರಲ್ಲಿ ವಾರ್ಸಾ, ೧೯೩೭ರಲ್ಲಿ ಸ್ಟಾಕ್‌ಹೋಮ್, ೧೯೩೯ರಲ್ಲಿ ಬ್ಯೂನಸ್ ಐರಿಸ್. ಏಳು ಸ್ಪರ್ಧೆಗಳಲ್ಲಿ ಏಳನ್ನೂ ಅವರೇ ಗೆದ್ದರು. ಒಟ್ಟು ೮೩ ಆಟಗಳು. ಗೆದ್ದುದು ೭೮, ಸಮವಾದುದು ೪, ಸೋತುದು ಒಂದೇ ಒಂದು. ಮೊದಲು ರಷ್ಯಾದ ಹೆಸರಿನಲ್ಲಿ, ಆಮೇಲೆ ಚೆಕೊಸ್ಲೊವಾಕಿಯದ ಹೆಸರಿನಲ್ಲಿ, ಕಡೆಗೆ ಇಂಗ್ಲೆಂಡಿನ ಹೆಸರಿನಲ್ಲಿ ಆಡಿದರು. ಮೂರು ನಾಡುಗಳ ಹೆಸರು ಬದಲಾದರೂ ಆಟ ಮಾತ್ರ ಒಂದೇ ಆಗಿತ್ತು.

ಆ ಆಟ ಎಂತಹದು? ಹುಡುಗಿಯರು ಸಾಮಾನ್ಯವಾಗಿ ಇಷ್ಟಪಡುವುದು ಮಂತ್ರಿಯನ್ನೇ ಬಲಿಕೊಟ್ಟು ನಾಲ್ಕು ನಡೆಗಳಲ್ಲಿ ರಾಜನನ್ನು ಹಿಡಿಯುವಂಥ ಆಟಗಳನ್ನು. ವೇರಾ ಅವರ ಆಟಗಳಲ್ಲಿ ಅಂತಹ ಬಾಣಬಿರುಸುಗಳು ವಿರಳ. ಅವರದು ಕಟ್ಟುವ ಆಟ. ಒಳ್ಳೆಯ ಗೃಹಿಣಿಯು ಮಳೆಗಾಲಕ್ಕೆ ಮುಂಚೆ ಸೌದೆಯನ್ನೂ ಕಾಳುಕಡ್ಡಿಯನ್ನೂ ಒಪ್ಪವಾಗಿ ಕೂಡಿಡುವಂತೆ ಅವರು ಒಂದೊಂದು ಕಾಯನ್ನು ಒಂದೊಂದು ಒಳ್ಳೆಯ ಮನೆಯಲ್ಲಿ ಕೂರಿಸುತ್ತಿದ್ದರು. ರಾಜನು ಕ್ಷೇಮವಾಗಿರುವನೆ? ಯಾವ ಕಾಲಾಳಾದರೂ ಆಸರೆಯಿಲ್ಲದೆ ನಿಂತಿರುವುದೆ? ಎದುರಾಳಿಯು ಮುಂದಿನ ನಡೆಯಲ್ಲಿ ಬಯಸುವುದೇನು? ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಿದ ಮೇಲೆಯೇ ಅವರು ಮುಂದೊತ್ತುವರು. ಚಿಕ್ಕದೊಂದು ಅನುಕೂಲ ದೊರೆತರೆ ಅದನ್ನು ಕೈಬಿಡದೆ ಅಂತ್ಯದ ಆಟದವರೆಗೂ ಕೊಂಡೊಯ್ದು, ಅಲ್ಲಿ ಒಂದು ಕಾಲಾಳಿನ ಹೆಚ್ಚಳದಿಂದ ಗೆಲ್ಲುವರು.

ಅವರ ಎರಡನೆಯ ಬಲವೆಂದರೆ ಮನಸ್ಸಿನ ಸಮಸ್ಥಿತಿ. ಇದನ್ನು ತಿಳಿಯಲು ಅವರನ್ನು ಸೋನ್ಯಾ ಗ್ರಾಫ್ ಎಂಬ ಜರ್ಮನಿಯ ಆಟಗಾರ್ತಿಯೊಡನೆ ಹೋಲಿಸಿ ನೋಡಬೇಕು. ಸೋನ್ಯಾ ಅವರು ಚುರುಕಾದ ಕಲ್ಪನೆಯುಳ್ಳವರು, ಮುನ್ನುಗ್ಗಿ ಆಡುವವರು. ಆ ಕಾಲದಲ್ಲಿ ವೇರಾ ಅವರಿಗೆ ಸಮಕ್ಕೆ ಬರಬಹುದಾದ ಹೆಂಗಸೆಂದರೆ ಅವರೊಬ್ಬರೇ. ೧೯೩೭ರಲ್ಲಿ ಆಸ್ಟ್ರಿಯ ದೇಶದ ಸೆಮ್ಮರಿಂಗಿನಲ್ಲಿ ಅವರಿಬ್ಬರಿಗೂ ಹದಿನಾರು ಆಟಗಳ ಪಂದ್ಯ ನಡೆಯಿತು. ವೇರಾ ಗೆದ್ದುದು ಒಂಬತ್ತು, ಸೋತುದು ಎರಡು, ಉಳಿದ ಐದು ಸಮ. ಮತ್ತೆ ೧೯೩೯ರಲ್ಲಿ ಬ್ಯೂನಸ್ ಐರಿಸಿನಲ್ಲಿ ಇಬ್ಬರೂ ಎದುರಾದಾಗ ಸೋನ್ಯಾ ಅವರ ಆಟ ಗೆಲ್ಲುವ ಸ್ಥಿತಿಗೆ ಬಂದಿತ್ತು. ಬೇರೊಬ್ಬರಾಗಿದ್ದರೆ ಎದೆಗುಂದಿ ಕಾಯಿಗಳನ್ನು ಮಡಚುತ್ತಿದ್ದರೋ ಏನೋ. ವೇರಾ ಅವರು ಅಲುಗದೆ ಕುಳಿತು ತಮ್ಮ ಕೈಲಾದ ಉತ್ತಮ ನಡೆಗಳನ್ನೇ ಆಡುತ್ತ ಹೋದರು. ಎದುರಾಳಿಯ ಕೈ ತಪ್ಪಿತು. ಆಟವೂ ಪದವಿಯೂ ವೇರಾ ಅವರಲ್ಲಿಯೇ ಉಳಿದುವು.

ಇನ್ನು ಅವರು ಮೆಚ್ಚಿದ ಪ್ರಾರಂಭಗಳ ಮಾತು. ಆಟವನ್ನರಿಯದ ತಾಯಂದಿರೂ ಇದನ್ನು ಓದುವರಾದುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಚದುರಂಗದಲ್ಲಿ ಮೊದಲ ಹತ್ತು ಹನ್ನೆರಡು ನಡೆಗಳನ್ನು ಬಲ್ಲವರು ಹಿಂದಿನಿಂದ ಪರೀಕ್ಷಿಸಿ, ಒಂದೊಂದು ವಿಧಕ್ಕೆ ಒಂದೊಂದು ಹೆಸರಿಟ್ಟಿದ್ದಾರೆ. ಮನೆ ಕಟ್ಟುವವರು ತಳಪಾಯವನ್ನು ಆರಿಸಿಕೊಳ್ಳುವಂತೆ ಆಟಗಾರರು ಇವುಗಳಲ್ಲಿ ತಮಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತಾರೆ.

ಕರಿ ಕಾಯಿಗಳು ಬಂದಾಗ ವೇರಾ ಅವರು ಬಹಳವಾಗಿ ನೆಚ್ಚಿದುದು ಫ್ರೆಂಚ್ ಡಿಫೆನ್ಸ್ ಎಂಬ ರಕ್ಷಣೆಯನ್ನು. ಬಿಳಿ ಕಾಯಿಯವರು ರಾಜನ ಮುಂದಣ ಕಾಲಾಳನ್ನು ಎರಡು ಮನೆ ನಡೆಸಿದರೆ, ಇವರು ತಮ್ಮ ರಾಜನ ಮುಂದಣ ಕಾಲಾಳನ್ನು ಒಂದೇ ಮನೆ ಮುಂದಿಡುವರು. ಮರುನಡೆಯಲ್ಲಿ ಮಂತ್ರಿಯ ಮುಂದಣ ಕಾಲಾಳನ್ನು ಎರಡು ಮನೆ ನಡೆಸಿ ನಡುಬಯಲಿನಲ್ಲಿ ಎದುರು ನಿಲ್ಲುವರು. ನೋಡುವವರಿಗೆ ಇದು ಅಂಜುಬುರುಕರ ಆಟದಂತೆ ಕಂಡೀತು. ನೆಲವೆಲ್ಲ ಬಿಳಿಯ ಪಾಲಾಗಿ, ಕರಿಯ ಕಾಯಿಗಳು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಂತಿರುವುದು. ಅದರಲ್ಲಿಯೂ ಮಂತ್ರಿಯ ಮಗ್ಗುಲಿನ ಒಂಟೆಯು ಸ್ವಂತ ಕಾಲಾಳುಗಳ ಹಿಂದೆಯೇ ಸೆರೆಯಾಗಿ ಬಹಳ ಹೊತ್ತು ಹೊರಗೆ ಬಾರದು. ಆದರೆ ಆ ಕಾಲಾಳುಗಳ ಸಾಲು ಬಲವಾದುದು. ಎದುರಾಳಿಯು ಮುಂದೆ ಬಂದಷ್ಟೂ ಅವನ ಬೆನ್ನಿಗೆ ಆಸರೆ ಕಡಮೆಯಾಗುವುದು. ಆಗ ಇವರು ಪಕ್ಕದ ಕಾಲಾಳನ್ನು ನಡೆಸಿ ಅವನ ಕಟ್ಟಡದ ಬುಡವನ್ನೇ ಕೊರೆಯಲು ತೊಡಗುವರು. ಇಕ್ಕಟ್ಟನ್ನು ಸಹಿಸುವ ಶಕ್ತಿಯುಳ್ಳವರಿಗೆ ಮಾತ್ರ ಈ ರಕ್ಷಣೆ ಒಗ್ಗುತ್ತದೆ. ಮಾಸ್ಕೋವಿನಲ್ಲಿ ಮನೆಮಾರು ಕಳೆದುಕೊಂಡು, ಅಜ್ಜಿಯ ಮನೆಯಲ್ಲಿ ಭಾಷೆ ತಿಳಿಯದೆ ಕಾಲಕಳೆದ ಹುಡುಗಿಗೆ ಇಕ್ಕಟ್ಟು ಹೊಸದಾಗಿರಲಿಲ್ಲ.

ಬಿಳಿ ಕಾಯಿಗಳು ಬಂದಾಗ ಅವರು ಮಂತ್ರಿಯ ಮುಂದಣ ಕಾಲಾಳಿನಿಂದಲೇ ಬಹುಮಟ್ಟಿಗೆ ಪ್ರಾರಂಭಿಸುತ್ತಿದ್ದರು. ರಾಜನ ಮುಂದಣ ಕಾಲಾಳನ್ನು ನಡೆಸಿದರೆ ಬಯಲು ಬೇಗನೆ ತೆರೆದು ಕಾದಾಟ ಹತ್ತಿಕೊಳ್ಳುವುದು. ಮಂತ್ರಿಯ ಕಾಲಾಳಿಗಾದರೋ ಹಿಂದೆ ಮಂತ್ರಿಯೇ ಆಸರೆಯಾಗಿರುವುದರಿಂದ ಆಟವು ನಿಧಾನವಾಗಿ ಬೆಳೆಯುವುದು. ನಿಧಾನವೆಂದರೆ ಮಂದವೆಂದು ಮಾತ್ರ ತಿಳಿಯಬಾರದು. ೧೯೩೨ರಲ್ಲಿ ಲಂಡನ್ನಿನಲ್ಲಿ ಸರ್ ಜಾರ್ಜ್ ಥಾಮಸ್ ಅವರ ಮೇಲೆ ಆಡಿದ ಆಟದಲ್ಲಿ ಎದುರಾಳಿಯು ತನ್ನ ರಾಜನನ್ನು ಬಲಗಡೆಯ ಕೋಟೆಯಲ್ಲಿರಿಸಿದರೆ, ವೇರಾ ಅವರು ತಮ್ಮ ರಾಜನನ್ನು ಮಂತ್ರಿಯ ಕಡೆಗೆ ಸಾಗಿಸಿ, ನಡುಬಯಲನ್ನು ಬಿಗಿಯಾಗಿ ಮುಚ್ಚಿ, ಆ ಮೇಲೆ ಇತ್ತಣ ಕಾಲಾಳುಗಳನ್ನು ಒಂದರ ಹಿಂದೊಂದರಂತೆ ಆ ಕೋಟೆಯ ಮೇಲೆ ನೂಕಿದರು. ನಡುವಿನ ಬಾಗಿಲು ಮುಚ್ಚಿದ್ದುದರಿಂದ ಎದುರಾಳಿಗೆ ತಿರುಗಿ ಹೊಡೆಯಲು ದಾರಿಯಿರಲಿಲ್ಲ. ಶಾಂತಸ್ವಭಾವದವರು ಬೇಕಾದಾಗ ಎಷ್ಟು ಬಿರುಸಾಗಬಲ್ಲರೆಂಬುದಕ್ಕೆ ಈ ಆಟವನ್ನೇ ಉದಾಹರಣೆಯಾಗಿ ನಾವು ನಮ್ಮ ಹುಡುಗಿಯರಿಗೆ ಹಲಗೆಯ ಮೇಲೆ ಆಡಿ ತೋರಿಸುತ್ತೇವೆ.

ಅವರಲ್ಲಿ ಕೊರತೆಗಳಿರಲಿಲ್ಲವೆ ಎಂದರೆ, ಇದ್ದುವು. ಮೊದಲ ಶ್ರೇಣಿಯ ಪುರುಷರ ಎದುರಿಗೆ ಅವರ ತಾಳ್ಮೆಯೇ ಕೆಲವು ವೇಳೆ ಅಳುಕಾಗಿ ಪರಿಣಮಿಸುತ್ತಿತ್ತು. ಕಾಪಾಬ್ಲಾಂಕ, ಅಲೆಖಿನ್ ಇವರನ್ನು ಅವರು ಒಮ್ಮೆಯೂ ಸೋಲಿಸಲಿಲ್ಲ. ೧೯೩೫ರಲ್ಲಿ ಮಾಸ್ಕೋವಿನ ದೊಡ್ಡ ಸ್ಪರ್ಧೆಗೆ, ತಾವು ಹುಟ್ಟಿದ ಊರಿಗೇ, ಆಹ್ವಾನಿತರಾಗಿ ಹೋಗಿ, ಇಪ್ಪತ್ತು ಮಂದಿಯಲ್ಲಿ ಕಟ್ಟಕಡೆಯವರಾಗಿ ಹಿಂದಿರುಗಿದರು. ಹೀಗಿದ್ದರೂ ಮರುವರ್ಷ ಆಡುವುದನ್ನು ಬಿಡಲಿಲ್ಲ.

ಗಂಡಸರೊಡನೆ ಆಡಿದ ಪ್ರಸಂಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೯೨೯ರ ಕಾರ್ಲ್ಸ್‌ಬಾದ್ ಸ್ಪರ್ಧೆ. ಇಪ್ಪತ್ತೆರಡು ಮಂದಿಯಲ್ಲಿ ಇಪ್ಪತ್ತೊಂದು ಗಂಡಸರು, ಹೆಂಗಸು ಇವರೊಬ್ಬರೇ. ವಿಯೆನ್ನಾ ನಗರದ ಆಲ್ಬರ್ಟ್ ಬೆಕರ್ ಎಂಬ ಪಂಡಿತರಿಗೆ ಇದು ಹಾಸ್ಯಾಸ್ಪದವಾಗಿ ತೋರಿತು. ಇವಳಿಗೆ ಸೋತವರೆಲ್ಲ ಸೇರಿ ವೇರಾ ಮೆಂಚಿಕ್ ಸಂಘವೊಂದನ್ನು ಸ್ಥಾಪಿಸಬೇಕೆಂದು ಆತನು ಪರಿಹಾಸ್ಯ ಮಾಡಿದನು. ಕೆಲವೇ ದಿನಗಳಲ್ಲಿ ಆ ಸಂಘಕ್ಕೆ ಪ್ರಥಮ ಸದಸ್ಯರು ದೊರೆತರು. ಅವರು ಬೆಕರ್ ಮಹಾಶಯರೇ. ಅನಂತರ ಸಂಘವು ಚೆನ್ನಾಗಿ ಬೆಳೆಯಿತು. ಮುಂದೆ ೧೯೩೫ರಲ್ಲಿ ವಿಶ್ವ ಚಾಂಪಿಯನ್ ಆದ ಹಾಲೆಂಡಿನ ಮ್ಯಾಕ್ಸ್ ಯೂವೆ ಅವರು ಹೇಸ್ಟಿಂಗ್ಸಿನಲ್ಲಿ ಅನುಕ್ರಮವಾಗಿ ಎರಡು ವರ್ಷ ಸೋತು ಸದಸ್ಯತ್ವವನ್ನು ಖಾಯಂ ಮಾಡಿಕೊಂಡರು. ಅಮೆರಿಕದ ರೆಶೆವ್‌ಸ್ಕಿ ಸೇರಿದರು. ಸರ್ ಜಾರ್ಜ್ ಥಾಮಸರಂತೂ ಮತ್ತೆ ಮತ್ತೆ ಸೇರಿದರು. ನಮ್ಮ ಪಂಜಾಬಿನ ಮೀರ್ ಸುಲ್ತಾನ್ ಖಾನರೂ ಆ ಸಂಘದ ಒಬ್ಬ ಸದಸ್ಯರು.

ಆದರೆ ಅದೇ ಕಾರ್ಲ್ಸ್‌ಬಾದಿನಲ್ಲಿ ವೇರಾ ಅವರ ಸ್ಥಾನವೇನಾಗಿತ್ತೆಂಬುದನ್ನು ಈ ಕಥೆ ಹೇಳುವವರು ಮರೆಯುವುದುಂಟು. ಇಪ್ಪತ್ತೆರಡನೆಯದು. ಇಪ್ಪತ್ತೊಂದು ಆಟಗಳಲ್ಲಿ ಮೂರು ಅಂಕಗಳು. ಆ ವರ್ಷವೇ ಇಂಗ್ಲೆಂಡಿನ ರಾಮ್ಸ್‌ಗೇಟಿನಲ್ಲಿ ಅವರು ಕಾಪಾಬ್ಲಾಂಕ ಅವರಿಗಿಂತ ಅರ್ಧ ಅಂಕವಷ್ಟೇ ಹಿಂದೆಬಿದ್ದು, ರೂಬಿನ್‌ಸ್ಟೈನ್ ಅವರೊಡನೆ ಎರಡನೆಯ ಸ್ಥಾನವನ್ನು ಹಂಚಿಕೊಂಡಿದ್ದರು. ಗುರುಗಳಾದ ಮರೋಚಿಯವರು ಆ ಪಟ್ಟಿಯಲ್ಲಿ ಶಿಷ್ಯೆಗಿಂತ ಕೆಳಗಿದ್ದರು. ಒಂದೇ ವರ್ಷದಲ್ಲಿ ಇಷ್ಟು ಮೇಲೆಯೂ ಅಷ್ಟು ಕೆಳಗೂ ಇದ್ದು, ಎರಡನ್ನೂ ಸಮನಾಗಿ ಹೊತ್ತುಕೊಂಡವರು ಅವರು.

ಈ ಕಾರ್ಲ್ಸ್‌ಬಾದಿನ ಪಟ್ಟಿಯು ನಮಗೆ ಒಮ್ಮೆ ಪ್ರಯೋಜನಕ್ಕೆ ಬಂದಿತು. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂತರಜಾಲದ ಆಟದಲ್ಲಿ ಬಹಳ ಮುಂದೆ ಬಂದಿದ್ದಳು. ಜಿಲ್ಲೆಯ ಸ್ಪರ್ಧೆಗೆ ಹೆಸರು ಕೊಡುವೆನೆಂದು ಆಸೆಪಟ್ಟಳು. ಅಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಂದೇ ಪಂಕ್ತಿ. ತಂದೆಯು ಮರಗೆಲಸದವರು, ಮಿತಭಾಷಿಗಳು. ಅವರು ನಮ್ಮ ಕೊಠಡಿಗೆ ಬಂದು, "ಅಮ್ಮನವರೇ, ಮನೆಯಲ್ಲಿ ಕುಳಿತು ಆಡುವಾಗ ಎದುರಿಗಿರುವವರ ಮುಖ ಇವಳಿಗೆ ಕಾಣುವುದಿಲ್ಲ, ಇವಳ ಮುಖ ಅವರಿಗೆ ಕಾಣುವುದಿಲ್ಲ, ಅದು ಹೇಗೋ ನಡೆಯಿತು. ಅಲ್ಲಿ ನಾಲ್ಕು ಜನದ ಮುಂದೆ ಸೋತರೆ ನಗುವರು, ಗೆದ್ದರೆ ಹಗೆತನ ಸಾಧಿಸುವರು. ಎರಡರಲ್ಲಿ ಯಾವುದೂ ನಮ್ಮ ಹುಡುಗಿಗೆ ಏತಕ್ಕೆ ಬೇಕು?" ಎಂದು ಕೇಳಿದರು. ಆಡಿದ ಮಾತಿನಲ್ಲಿ ಕೋಪವಿರಲಿಲ್ಲ. ಮಗಳ ಮೇಲಣ ಮಮತೆಯಿತ್ತು. ಆದುದರಿಂದ ಅದಕ್ಕೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ನಾವು ಅವರಿಗೆ ವೇರಾ ಅವರು ಗೆದ್ದ ಪದಕಗಳನ್ನು ವರ್ಣಿಸಲಿಲ್ಲ. ಕಾರ್ಲ್ಸ್‌ಬಾದಿನ ಕಥೆಯನ್ನು ಹೇಳಿ, ಆಕೆ ಅಲ್ಲಿ ಕಡೆಯ ಸ್ಥಾನ ಪಡೆದಳೆಂಬುದನ್ನೂ ಹೇಳಿದೆವು. ನಕ್ಕವರಿದ್ದರು, ಅವರ ಎದುರಿಗೇ ಕುಳಿತು ಇಪ್ಪತ್ತೊಂದು ಆಟಗಳನ್ನೂ ಆಡಿ ಮುಗಿಸಿದಳು, ಮುಂದೆ ಯೂವೆ ಅವರನ್ನು ಗೆಲ್ಲುವ ಶಕ್ತಿ ಆಕೆಗೆ ಬಂದುದು ಆ ಸೋಲುಗಳಿಂದಲೇ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಎದ್ದುಹೋದರು. ಮುಂದಿನ ವಾರ ಮಗಳನ್ನು ಕರೆದುಕೊಂಡು ಸ್ಪರ್ಧೆಯ ಸ್ಥಳಕ್ಕೆ ತಾವೇ ಹೋದರು. ಏಳು ಆಟಗಳಲ್ಲಿ ಹುಡುಗಿಯು ಎರಡನ್ನು ಗೆದ್ದಳು, ಒಂದನ್ನು ಸಮಮಾಡಿಕೊಂಡಳು, ನಾಲ್ಕನ್ನು ಸೋತಳು. ಸೋತ ನಾಲ್ಕನ್ನೂ ನಡೆ ಬಿಡದೆ ನೋಟುಪುಸ್ತಕದಲ್ಲಿ ಬರೆದುಕೊಂಡು ಬಂದು ನಮ್ಮ ಮೇಜಿನ ಮೇಲಿಟ್ಟು, ಎಲ್ಲಿ ಕೆಟ್ಟಿತೆಂದು ತಾನೇ ತೋರಿಸಿದಳು. ಅವಳೀಗ ಕಾಲೇಜಿನಲ್ಲಿ ಗಣಿತವನ್ನು ಓದುತ್ತಿದ್ದಾಳೆ. ನಮ್ಮ ವಾಚನಾಲಯದಲ್ಲಿರುವ ಬೀಟೆ ಮರದ ಚದುರಂಗದ ಹಲಗೆಯು ಅವಳ ತಂದೆಯ ಕೈಕೆಲಸ.

ಪ್ರತಿಭೆಯೊಂದೇ ಸಾಲದು, ಅದಕ್ಕೆ ದಾರಿಯೂ ಬೇಕೆಂಬುದಕ್ಕೆ ಆ ಕಾಲದ್ದೇ ಮತ್ತೊಂದು ನಿದರ್ಶನವುಂಟು. ಮೀರ್ ಸುಲ್ತಾನ್ ಖಾನರನ್ನು ಇಂಗ್ಲೆಂಡಿಗೆ ಕರೆದೊಯ್ದಿದ್ದ ಸರ್ ಉಮರ್ ಹಯಾತ್ ಖಾನರ ಮನೆವಾರ್ತೆಯಲ್ಲಿ ಫಾತಿಮಾ ಎಂಬ ತರುಣಿಯೊಬ್ಬಳು ಸೇವೆಯಲ್ಲಿದ್ದಳು. ಆಕೆಯು ೧೯೩೩ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಪದವಿಯನ್ನು ಗೆದ್ದಳು. ಅನಂತರ ಯಜಮಾನರ ಪರಿವಾರದೊಡನೆ ಸ್ವದೇಶಕ್ಕೆ ಮರಳಿದಳು. ಆ ಬಳಿಕ ದೊಡ್ಡ ಸ್ಪರ್ಧೆಗಳಲ್ಲಿ ಆಡಲಿಲ್ಲ. ವೇರಾಳಿಗೆ ಹೇಸ್ಟಿಂಗ್ಸಿನಲ್ಲಿ ಒಂದು ಸಂಘವೂ ಒಬ್ಬ ಗುರುವೂ ದೊರೆತರು. ಫಾತಿಮಾಳಿಗೆ ತನ್ನ ಊರಿನಲ್ಲಿ ಅಂತಹ ಬಾಗಿಲು ಯಾವುದೂ ತೆರೆದಿರಲಿಲ್ಲ. ಅಂತರಜಾಲವನ್ನು ನಾವು ಪೂರ್ತಿಯಾಗಿ ನಿಂದಿಸದಿರುವುದು ಈ ಕಾರಣದಿಂದಲೇ. ಹಳ್ಳಿಯ ಹುಡುಗಿಗೂ ಅದು ಬಾಗಿಲನ್ನು ತೆರೆದಿದೆ.

ವೇರಾ ಅವರ ಉಳಿದ ಚರಿತ್ರೆ ಸಂಕ್ಷಿಪ್ತ. ೧೯೩೭ರಲ್ಲಿ ಅವರು ಬ್ರಿಟಿಷ್ ಚದುರಂಗ ಮಂಡಲಿಯ ಕಾರ್ಯದರ್ಶಿಗಳಾಗಿದ್ದ ಸ್ಟೀವನ್‌ಸನ್ ಅವರನ್ನು ವಿವಾಹವಾದರು. ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾಯಿತು. ಲಂಡನ್ನಿನ ರಾಷ್ಟ್ರೀಯ ಚದುರಂಗ ಕೇಂದ್ರದ ಆಡಳಿತವನ್ನು ಅವರು ವಹಿಸಿಕೊಂಡಿದ್ದರು. ೧೯೪೦ರಲ್ಲಿ ಬಾಂಬುಗಳಿಂದ ಅದು ನಾಶವಾಯಿತು. ೧೯೪೨ರಲ್ಲಿ ವೃದ್ಧ ಮಹಾ ಆಟಗಾರರಾದ ಜಾಕ್ವೆಸ್ ಮೀಸಸ್ ಅವರನ್ನು ಪಂದ್ಯದಲ್ಲಿ ಗೆದ್ದರು. ೧೯೪೩ರಲ್ಲಿ ಪತಿಯು ತೀರಿಕೊಂಡರು. ೧೯೪೪ನೆಯ ಜೂನ್ ತಿಂಗಳ ಕಡೆಯ ವಾರದಲ್ಲಿ ಒಂದು ರಾತ್ರಿ ಶತ್ರುಗಳ ಹಾರುಬಾಂಬೊಂದು ಲಂಡನ್ನಿನ ಕ್ಲಾಫಮ್ ಭಾಗದಲ್ಲಿದ್ದ ಅವರ ಮನೆಯ ಮೇಲೆ ಬಿದ್ದಿತು. ವೇರಾ, ತಂಗಿ ಒಲ್ಗಾ, ತಾಯಿ ಮೂವರೂ ಒಟ್ಟಿಗೆ ಮಡಿದರು. ಗೆದ್ದ ಪಾರಿತೋಷಕಗಳೂ ಮನೆಯೊಡನೆ ನಾಶವಾದುವು. ಆಗ ಅವರಿಗೆ ಮೂವತ್ತೆಂಟು ವರ್ಷ. ವಿಶ್ವ ಚಾಂಪಿಯನ್ ಪದವಿ ಇನ್ನೂ ಅವರದೇ ಆಗಿತ್ತು.

೧೯೫೭ರಲ್ಲಿ ಮಹಿಳೆಯರ ಚದುರಂಗ ಒಲಿಂಪಿಯಾಡ್ ಪ್ರಾರಂಭವಾದಾಗ ಗೆದ್ದ ದೇಶಕ್ಕೆ ಕೊಡುವ ಬಟ್ಟಲಿಗೆ ವೇರಾ ಮೆಂಚಿಕ್ ಅವರ ಹೆಸರನ್ನಿಟ್ಟರು. ೨೦೨೪ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ನಗರದಲ್ಲಿ ಆ ಬಟ್ಟಲನ್ನು ಎತ್ತಿದವರು ನಮ್ಮ ಭಾರತದ ಹೆಣ್ಣುಮಕ್ಕಳು: ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ, ತಾನಿಯಾ. ಬುಡಾಪೆಸ್ಟ್ ಎಂಬುದು ಮರೋಚಿಯವರ ನಾಡಿನ ರಾಜಧಾನಿ. ಮರುವರ್ಷ, ೨೦೨೫ರಲ್ಲಿ, ಮಹಿಳಾ ವಿಶ್ವಕಪ್ಪಿನ ಕಡೆಯ ಪಂದ್ಯದಲ್ಲಿ ಎದುರುಬದುರಾಗಿ ಕುಳಿತವರಿಬ್ಬರೂ ಭಾರತೀಯರೇ. ೨೦೦೨ರಲ್ಲಿ ಹದಿನೈದನೆಯ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ ಕೊನೇರು ಹಂಪಿ ಒಂದು ಕಡೆ, ಹತ್ತೊಂಬತ್ತು ವರ್ಷದ ದಿವ್ಯಾ ದೇಶಮುಖ್ ಮತ್ತೊಂದು ಕಡೆ, ಗೆದ್ದವಳು ಕಿರಿಯಳು. ಜಗಲಿಯ ಆಟವು ಬಹುದೂರ ಬಂದಿದೆ.

ಇನ್ನು ಪೋಷಕರಿಗೆ ಎರಡು ಮಾತು ಹೇಳಿ ಮುಗಿಸುತ್ತೇವೆ. ನಿಮ್ಮ ಮಗಳು ಮೊಬೈಲಿನಲ್ಲಿ ಚದುರಂಗ ಆಡುತ್ತಿದ್ದರೆ ಅದನ್ನು ಕಿತ್ತುಕೊಳ್ಳುವುದಕ್ಕೆ ಮುಂಚೆ ಅವಳು ಆಡುವುದೇನೆಂದು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ. ಒಂದು ನಿಮಿಷದ, ಮೂರು ನಿಮಿಷದ ಆಟಗಳು ಉಪ್ಪಿನಕಾಯಿಯಂತೆ. ನಾಲಗೆಗೆ ರುಚಿ, ಹೊಟ್ಟೆ ತುಂಬುವುದಿಲ್ಲ. ಅವನ್ನು ಮಿತಿಯಲ್ಲಿಡಿರಿ. ವಾರಕ್ಕೆ ಎರಡು ದಿನವಾದರೂ ಹಲಗೆಯ ಮೇಲೆ, ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು, ಒಂದು ಗಂಟೆಯ ಆಟವಾಡಲಿ. ಸೋತ ಆಟವನ್ನು ಬರೆದಿಡುವ ಅಭ್ಯಾಸ ಮಾಡಿಸಿರಿ. ರಾತ್ರಿ ಒಂಬತ್ತಾದ ಮೇಲೆ ಯಂತ್ರವೂ ಮಲಗಲಿ, ಮಗುವೂ ಮಲಗಲಿ. ಅಪರಿಚಿತರೊಡನೆ ಆಟವಾಡಬಹುದು, ಮಾತುಕತೆ ಬೇಡ. ವೇರಾ ಹೇಸ್ಟಿಂಗ್ಸಿಗೆ ಬಂದ ಹೊಸದರಲ್ಲಿ ಮಾತಿಲ್ಲದೆಯೇ ಆಡಿದಳೆಂಬುದನ್ನು ಅವಳಿಗೆ ನೆನಪುಮಾಡಿರಿ.

ಆಟದ ರೀತಿಯನ್ನು ಕೇಳಿದ ಆ ಇಬ್ಬರು ಹುಡುಗಿಯರಿಗೂ ನಮ್ಮ ಉತ್ತರ ಇದೇ. ನೀವು ಎಷ್ಟು ಸಲ ಯಾವ ನಡೆಯಿಂದ ಪ್ರಾರಂಭಿಸಿದಿರೆಂದು ಯಂತ್ರವು ಎಣಿಸಬಲ್ಲುದು. ಸೋಲುವ ಸ್ಥಿತಿಯಲ್ಲಿ ನೀವು ಹೇಗೆ ಕುಳಿತಿದ್ದಿರೆಂಬುದು ಆ ಎಣಿಕೆಯೊಳಗೆ ಬಾರದು. ನಿಮ್ಮ ರೀತಿ ಇರುವುದು ಅಲ್ಲಿಯೇ.

ಹಳೆಯ ವಿದ್ಯಾರ್ಥಿನಿಯರಲ್ಲಿ ಆಟವನ್ನು ಬಲ್ಲವರು ಅನೇಕರಿದ್ದೀರಿ. ಶನಿವಾರ ಮಧ್ಯಾಹ್ನ ವಾಚನಾಲಯದಲ್ಲಿ ಆಟ ನಡೆಯುತ್ತದೆ. ಹಲಗೆ ಆರು ಇವೆ, ಹುಡುಗಿಯರು ಮೂವತ್ತು ಮಂದಿ. ಊರಿಗೆ ಬಂದಾಗ ಒಂದು ಗಂಟೆ ಬಿಡುವುಮಾಡಿಕೊಂಡು ಬಂದು ಅವರ ಎದುರಿಗೆ ಕೂರಬೇಕೆಂದು ಕೇಳಿಕೊಳ್ಳುತ್ತೇವೆ. ಕಿರಿಯರೆಂದು ದಾಕ್ಷಿಣ್ಯಕ್ಕಾಗಿ ಸೋಲುವುದು ಮಾತ್ರ ಬೇಡ.